ಜೇಬಿನ ಚಾಕು ಮತ್ತು 9 ಇಂಚಿನ ಲೆಕ್ಕ

9 ಇಂಚಿನೊಳಗಿನ ಚಾಕು ಇಟ್ಟುಕೊಂಡು ಓಡಾಡಿದರೆ ಯಾರೂ ಕೇಳುವಂತಿಲ್ಲ ಎಂಬ ಮಾತು ಸಲೀಸಾಗಿ ಚಲಾವಣೆಯಲ್ಲಿದೆ. ಅದು ಅರ್ಧ ನಿಜ. ಉಳಿದರ್ಧ ಗೊತ್ತಾಗಬೇಕಾದರೆ ಆ ಅಂಕಿ ಹುಟ್ಟಿದ ದಾರಿಯನ್ನು ನೋಡಬೇಕು.

1857ರ ದಂಗೆಯಿಂದ ಬೆಚ್ಚಿದ ಬ್ರಿಟಿಷ್ ಸರ್ಕಾರ ಜನರ ಕೈಯಿಂದ ಆಯುಧ ಕಿತ್ತುಕೊಳ್ಳಲು ಕಾನೂನು ತಂದಿತು. ಕೊಡವರಿಗೆ ಮಾತ್ರ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ವಿನಾಯಿತಿ ಕೊಟ್ಟರು. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂಮಿ) ಹಿಡುವಳಿದಾರರಿಗೂ ಇರುವ ಆ ವಿನಾಯಿತಿಯನ್ನು ಈಗ 2029ರವರೆಗೆ ವಿಸ್ತರಿಸಲಾಗಿದೆ. ಚರ್ಚೆಯೆಲ್ಲ ಕೋವಿಯ ಸುತ್ತ ನಡೆಯುತ್ತದೆ, ಕೊಡವರು ಸೊಂಟಕ್ಕೆ ಸಿಕ್ಕಿಸುವ ಕಿರುಗತ್ತಿ ಪೀಚೆಕತ್ತಿಯನ್ನು ಯಾರೂ ಅಷ್ಟಾಗಿ ಗಮನಿಸುವುದಿಲ್ಲ. 1878ರ ಶಸ್ತ್ರಾಸ್ತ್ರ ಕಾಯ್ದೆಯಂತೂ ಕತ್ತಿ, ಕಠಾರಿಗಳ ಜೊತೆಗೆ ಬಿಲ್ಲು ಬಾಣವನ್ನೂ ಆಯುಧದ ಪಟ್ಟಿಗೆ ಸೇರಿಸಿತ್ತು.

ಸ್ವತಂತ್ರ ಭಾರತ 1959ರಲ್ಲಿ ಹೊಸ ಕಾಯ್ದೆ ಮಾಡಿತು. ಚಾಕು, ಭರ್ಜಿ, ಬಿಲ್ಲು ಬಾಣಗಳನ್ನು ಆಯುಧದ ವ್ಯಾಖ್ಯೆಯಿಂದ ಕೈಬಿಡುವುದು ಮಸೂದೆಯ ಉದ್ದೇಶಗಳಲ್ಲಿ ಒಂದಾಗಿತ್ತು. ಆದರೆ ಕಾಯ್ದೆಯಲ್ಲಿ ‘ಹರಿತವಾದ ಮತ್ತು ಮಾರಕ ಆಯುಧಗಳು’ ಉಳಿದೇಬಿಟ್ಟವು. ಮನೆ ಅಥವಾ ಬೇಸಾಯದ ಬಳಕೆಗೆಂದೇ ಮಾಡಿದ ವಸ್ತುಗಳಿಗೆ ರಿಯಾಯಿತಿ ಸಿಕ್ಕಿತು. 1962ರ ನಿಯಮಾವಳಿಯ ಅನುಬಂಧ ಇದಕ್ಕೆ ಅಳತೆ ಕೊಟ್ಟಿತು: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ‘ಅಥವಾ’ ಎನ್ನುವುದನ್ನು ಮರೆಯಬಾರದು. 6 ಇಂಚು ಉದ್ದದ್ದಾದರೂ ಅಗಲ ಎರಡೂವರೆ ಇಂಚು ಇದ್ದರೆ ಅದು ಪಟ್ಟಿಯೊಳಗೇ ಬರುತ್ತದೆ. ಮಾಂಸ ಕಡಿಯುವ ಅಗಲದ ಕತ್ತಿಯೂ ಎಳನೀರು ಕೆತ್ತುವ ಮಚ್ಚೂ ಬಚಾವಾಗುವುದು ಅಳತೆಯಿಂದಲ್ಲ, ಅವನ್ನು ಮಾಡಿರುವ ಉದ್ದೇಶದಿಂದ.

ಇಂಥ ಆಯುಧವನ್ನು ಸುಮ್ಮನೆ ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕಾಗುವುದು, 1959ರ ಕಾಯ್ದೆಯ 4ನೇ ಸೆಕ್ಷನ್ ಕೆಳಗೆ ಅಧಿಸೂಚನೆ ಹೊರಟ ಪ್ರದೇಶದಲ್ಲಿ. ತಯಾರಿಕೆ, ಮಾರಾಟದ ನಿಯಮ 5ನೇ ಸೆಕ್ಷನ್‌ನಲ್ಲಿದೆ. ಗೊಂದಲ ಶುರುವಾಗುವುದೇ ಇಲ್ಲಿ, ಯಾಕೆಂದರೆ ಅಧಿಸೂಚನೆ ತನ್ನದೇ ಅಳತೆ ಇಟ್ಟುಕೊಳ್ಳಬಹುದು. ದೆಹಲಿ ಆಡಳಿತ 1980ರಲ್ಲಿ ಬಟನ್ ಒತ್ತಿದರೆ, ಸ್ಪ್ರಿಂಗ್‌ನಿಂದ ಅಥವಾ ಬೇರೆ ಯಾಂತ್ರಿಕ ಉಪಾಯದಿಂದ ತೆರೆಯುವ ಚಾಕುಗಳ ಮೇಲೆ ಮಿತಿ ಹಾಕಿತು: ಉದ್ದ 7.62 ಸೆಂ.ಮೀ. (3 ಇಂಚು), ಅಗಲ 1.72 ಸೆಂ.ಮೀ. ಅಥವಾ ಅದಕ್ಕಿಂತ ಹೆಚ್ಚು. 9 ಇಂಚು ಎಲ್ಲಿ, 3 ಇಂಚು ಎಲ್ಲಿ! ಆದರೆ ಆ ಅಧಿಸೂಚನೆಯ ಒಕ್ಕಣೆಯಲ್ಲಿ ತಯಾರಿಕೆ, ಮಾರಾಟ, ಮಾರಲೆಂದು ಇಟ್ಟುಕೊಳ್ಳುವುದು ಎಂದೂ ಇದೆ. ಹಾಗಾಗಿ ಸ್ವಂತ ಜೇಬಿನ ಒಂದು ಚಾಕು ಅದರಡಿ ಅಪರಾಧವೇ ಎಂಬ ವಾದ ಕೋರ್ಟುಗಳಲ್ಲಿ ಮತ್ತೆ ಮತ್ತೆ ಎದ್ದಿದೆ.

ಕರ್ನಾಟಕದಲ್ಲಿ ಜನಸಾಮಾನ್ಯರಿಗೆ ಎದುರಾಗುವ ಸಂಭವ ಹೆಚ್ಚಿರುವುದು ಬೇರೆ ಕಾನೂನು, 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಸೆಕ್ಷನ್. ಚುನಾವಣೆ, ಮೆರವಣಿಗೆ, ಗಲಭೆಯ ಹೊತ್ತಿನಲ್ಲಿ ಪೊಲೀಸ್ ಕಮಿಷನರ್ ಅಥವಾ ಜಿಲ್ಲಾ ಮ್ಯಾಜಿಸ್ಟ್ರೇಟ್ ಚಾಕು, ಕತ್ತಿ, ದೊಣ್ಣೆ ಹಿಡಿದು ಓಡಾಡುವುದನ್ನು ಇದರಡಿ ನಿಷೇಧಿಸಬಹುದು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 144, ಈಗಿನ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 163ನೇ ಸೆಕ್ಷನ್ ನಿಷೇಧಾಜ್ಞೆಯಲ್ಲೂ ಇದೇ ಮಾತು ಬರುತ್ತದೆ. 35ನೇ ಸೆಕ್ಷನ್‌ನಲ್ಲಿ ಇಂಚಿನ ಲೆಕ್ಕವೇ ಇಲ್ಲ. ಬೀಗದ ಕೈ ಗೊಂಚಲಿಗೆ ಸಿಕ್ಕಿಸಿದ ಪುಟ್ಟ ಚಾಕುವೂ ಸಿಕ್ಕಿಬೀಳಬಹುದು. ಆದ್ದರಿಂದ ಆದೇಶದಲ್ಲಿ ಯಾವ ಠಾಣೆಗಳ ವ್ಯಾಪ್ತಿ, ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾರಿಗೆ ವಿನಾಯಿತಿ ಎಂಬುದನ್ನು ಓದಿಕೊಳ್ಳಬೇಕು.

ವಿಮಾನದ ವಿಷಯ ಸರಳ. ಚಾಕು ಕೈಚೀಲದಲ್ಲಿ ಬೇಡ, ಚೆಕ್-ಇನ್ ಸಾಮಾನಿನಲ್ಲಿ ಹಾಕಿ. ದೇಶದೊಳಗಿನ ವಿಮಾನದಲ್ಲಿ ಸಿಖ್ಖರ ಕಿರ್ಪಾಣಕ್ಕೆ ಪ್ರತ್ಯೇಕ ಅವಕಾಶವಿದೆ. ಅಲಗು 6 ಇಂಚು, ಒಟ್ಟು ಉದ್ದ 9 ಇಂಚು ಮೀರಬಾರದು.

ಕೇಸಾದಾಗ ಎಡವಟ್ಟಾಗುವುದು ಹೆಚ್ಚಾಗಿ ಅಳತೆಯಲ್ಲೇ. ‘10 ಇಂಚಿನ ಚಾಕು’ ಎಂದು ಬರೆದರೆ ಅದರಲ್ಲಿ 5 ಇಂಚು ಹಿಡಿಯೇ ಇರಬಹುದು, ನಿಯಮ ಕೇಳುವುದು ಅಲಗನ್ನು. ಮಹಜರಿನಲ್ಲಿ ಅಲಗು, ಹಿಡಿ, ಅಗಲ ಬೇರೆ ಬೇರೆಯಾಗಿ ದಾಖಲಾಗಿವೆಯೇ, ಚಾಕು ತೆರೆಯುವ ಬಗೆಯನ್ನು ಬರೆದಿದ್ದಾರೆಯೇ, ಯಾವ ಅಧಿಸೂಚನೆ ಅಥವಾ ಆದೇಶ ಉಲ್ಲಂಘನೆಯಾಯಿತೆಂದು ಅದರ ದಿನಾಂಕ ಸಮೇತ ಹೇಳಿದ್ದಾರೆಯೇ ಎಂದು ವಕೀಲರು ಮೊದಲು ಹುಡುಕುವುದು ಅದಕ್ಕೇ.