ದೂರದ ಕ್ಯೂ ಸಿಗದಿದ್ದರೆ ರೀಸ್ಟಾರ್ಟ್ ಮದ್ದಲ್ಲ

ಸರ್ವರ್ ಕೈಕೊಟ್ಟಿತಾ, ರೀಸ್ಟಾರ್ಟ್ ಮಾಡಿ. ಬಂಗಾರಪೇಟೆಯಿಂದ ದಿನಾ ರೈಲು ಹತ್ತಿ ಬೆಂಗಳೂರಿನ ಕಂಪನಿಗಳಿಗೆ ಹೋಗುವ ಹುಡುಗ ಹುಡುಗಿಯರ ಬಾಯಲ್ಲೂ ಇದೇ ಮಾತು ಕೇಳಿದರೆ ನನಗೆ ತಳಮಳ ಆಗುತ್ತದೆ. ಓದಿದವರ ಮೂಢನಂಬಿಕೆ ಇದು. ರೀಸ್ಟಾರ್ಟ್ ಆದಮೇಲೆ ಸರಿಹೋಯಿತು ಅಂದರೆ ಅದಕ್ಕೊಂದು ಕಾರಣ ಇರಲೇಬೇಕು ಅಲ್ವಾ? ಆ ಕಾರಣ ತುಂಬ ಸೊಗಸಾಗಿದೆ.

ಕೋಲಾರದ ಟೊಮೆಟೊ ಮಾರ್ಕೆಟ್ಟಿನ ಒಂದು ಮಂಡಿ ಅಂದುಕೊಳ್ಳಿ. ಹರಾಜಿನಲ್ಲಿ ಯಾರ ಎಷ್ಟು ಬಾಕ್ಸ್ ಯಾವ ರೇಟಿಗೆ ಹೋಯಿತು ಅಂತ ಬರೆದುಕೊಳ್ಳುವ ಅಪ್ಲಿಕೇಶನ್ ಇಲ್ಲೇ ವೈಲ್ಡ್‌ಫ್ಲೈ ಅನ್ನುವ, ಜಾವಾ ಅಪ್ಲಿಕೇಶನ್ ಓಡಿಸುವ ಸರ್ವರ್‌ನಲ್ಲಿ ಓಡುತ್ತಿದೆ. ವಿವರ ಮಾತ್ರ ಬೆಂಗಳೂರಿನ ಆರ್ಟೆಮಿಸ್ ಮೆಸೇಜ್ ಸರ್ವರ್‌ನ ಕ್ಯೂಗೆ, ಅಂದರೆ ಮೆಸೇಜುಗಳು ಸಾಲಾಗಿ ಕಾಯುವ ಜಾಗಕ್ಕೆ, ಹೋಗಬೇಕು. ಅಲ್ಲಿ ಬಿಲ್ ಮಾಡುವ ಪ್ರೋಗ್ರಾಂ ಸ್ವಲ್ಪ ಹೊತ್ತು ನಿಂತಿದ್ದರೂ ಚಿಂತೆಯಿಲ್ಲ. ಮೆಸೇಜ್ ಡಿಸ್ಕಿನಲ್ಲಿ ಕಾಯುತ್ತಿರುತ್ತದೆ.

ದೂರದ್ದನ್ನು ಇಲ್ಲಿಗೆ ಜೋಡಿಸುವುದು ಕೋಲಾರಕ್ಕೆ ಹೊಸದಲ್ಲ. 1902ರಲ್ಲೇ ಶಿವನಸಮುದ್ರದ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೆಜಿಎಫ್ ಗಣಿಗಳಿಗೆ ಬಂತು. ನೆನೆದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಮೆಸೇಜ್ ಕ್ಯೂಗಳ ಕಥೆ ಈಚಿನದು. ಐಬಿಎಂನ ಎಂಕ್ಯೂಸೀರೀಸ್ ಬಂದದ್ದು 1993ರಲ್ಲಿ. ಯಾವ ಕಂಪನಿಯ ಕ್ಯೂ ಆದರೂ ಜಾವಾದಲ್ಲಿ ಒಂದೇ ರೀತಿ ಬಳಸಲು ಜೆಎಂಎಸ್ ಬಂದದ್ದು 1998ರಲ್ಲಿ.

ಮೊದಲ ಎಡವಟ್ಟು ಸದ್ದೇ ಮಾಡುವುದಿಲ್ಲ. ವೈಲ್ಡ್‌ಫ್ಲೈನ ಫುಲ್ ಕಾನ್ಫಿಗರೇಶನ್ನಿನಲ್ಲಿ ಅದರದ್ದೇ ಒಂದು ಆರ್ಟೆಮಿಸ್ ಒಳಗಿರುತ್ತದೆ. ಡಿಫಾಲ್ಟ್ ಕನೆಕ್ಷನ್ ಫ್ಯಾಕ್ಟರಿ (ಅಪ್ಲಿಕೇಶನ್‌ಗೆ ಕನೆಕ್ಷನ್ ಮಾಡಿಕೊಡುವ ಭಾಗ) ಇನ್-ವಿಎಂ ಕನೆಕ್ಟರ್, ಅಂದರೆ ಅದೇ ಸರ್ವರ್ ಒಳಗಿನ ದಾರಿ, ಬಳಸುತ್ತದೆ, ನೆಟ್‌ವರ್ಕನ್ನು ಮುಟ್ಟುವುದೇ ಇಲ್ಲ. ಅದೇ ಹೆಸರಿನ ಕ್ಯೂ ಇಲ್ಲೂ ಇದ್ದರೆ ಮುಗಿಯಿತು. ಎರರ್ ಬರುವುದಿಲ್ಲ. ಮೆಸೇಜುಗಳು ಕೋಲಾರದಲ್ಲೇ ಗುಡ್ಡೆ ಬೀಳುತ್ತವೆ.

ಇದಕ್ಕೆ ಪರಿಹಾರ ಸುಲಭ. ಔಟ್‌ಬೌಂಡ್ ಸಾಕೆಟ್ ಬೈಂಡಿಂಗ್‌ನಲ್ಲಿ (ಹೊರಗೆ ಹೋಗಬೇಕಾದ ವಿಳಾಸ ಬರೆಯುವ ಜಾಗ) ಬೆಂಗಳೂರಿನ ಹೋಸ್ಟ್ ಮತ್ತು 61616 ಪೋರ್ಟ್ ಕೊಡಿ. ಅದಕ್ಕೊಂದು ರಿಮೋಟ್ ಕನೆಕ್ಟರ್ ಕಟ್ಟಿ. ಆ ಕನೆಕ್ಟರ್ ಇಟ್ಟುಕೊಂಡು ಒಂದು ಪೂಲ್ಡ್ (ಕನೆಕ್ಷನ್‌ಗಳನ್ನು ಕೂಡಿಟ್ಟು ಮತ್ತೆ ಮತ್ತೆ ಬಳಸುವ) ಕನೆಕ್ಷನ್ ಫ್ಯಾಕ್ಟರಿ ಮಾಡಿ, ಜೆಎನ್‌ಡಿಐ ಹೆಸರಿಡಿ. ಅಪ್ಲಿಕೇಶನ್ ಆ ಹೆಸರನ್ನೇ ಕೇಳಬೇಕು.

ನಿಜವಾದ ಮಜಾ ಇರುವುದು ಆಮೇಲೆ. ಆರ್ಟೆಮಿಸ್‌ನಲ್ಲಿ ಆಕ್ಸೆಪ್ಟರ್ ಬೇರೆ, ಕನೆಕ್ಟರ್ ಬೇರೆ. ಆಕ್ಸೆಪ್ಟರ್ ಅಂದರೆ ಸರ್ವರ್ ತಾನು ಕಿವಿಗೊಟ್ಟು ಕೂರುವ ಜಾಗ. ಅಲ್ಲಿ 0.0.0.0, ಅಂದರೆ ನನ್ನ ಯಾವ ವಿಳಾಸಕ್ಕೆ ಬಂದರೂ ಸರಿ, ಅಂತಿದ್ದರೆ ಏನೂ ತೊಂದರೆಯಿಲ್ಲ. ಬೆಂಗಳೂರಿನ ಸರ್ವರ್‌ನಲ್ಲಿರುವ ಕನೆಕ್ಟರ್ ಅಂದರೆ ನನ್ನನ್ನು ಇಲ್ಲಿ ಹುಡುಕಿ ಅಂತ ಬೇರೆಯವರಿಗೆ ಹೇಳುವ ವಿಳಾಸ. ಅದರಲ್ಲಿ ಲೋಕಲ್‌ಹೋಸ್ಟ್ (ಓದುವ ಯಂತ್ರಕ್ಕೆ ಇದರರ್ಥ 'ನಾನೇ') ಅಂತ ಬಿಟ್ಟರೆ ಕೆಟ್ಟಿತು. ಚಿಂತಾಮಣಿಯಿಂದ ಫೋನ್ ಮಾಡಿದ ರೈತರಿಗೆ ಕೋಲಾರದ ಮಂಡಿಯವರು "ಇಲ್ಲೇ ಬನ್ನಿ, ಪಕ್ಕದ ಬೀದಿ" ಅಂದ ಹಾಗೆ. ಪಾಪ, ಅವರು ಚಿಂತಾಮಣಿಯ ಬೀದಿಯಲ್ಲೇ ಹುಡುಕುತ್ತಾರೆ.

ಕ್ಲಸ್ಟರ್ (ಒಟ್ಟಿಗೆ ಕೆಲಸ ಮಾಡುವ ಸರ್ವರ್‌ಗಳ ಗುಂಪು) ಹಾಕಿದ ಸರ್ವರ್‌ನಲ್ಲಿ ನಡೆಯುವುದೂ ಇದೇ. ಮೊದಲ ಕನೆಕ್ಷನ್ ನೀವು ಬರೆದ ವಿಳಾಸಕ್ಕೆ ಹೋಗುತ್ತದೆ, ಆಗಿಬಿಡುತ್ತದೆ. ತಕ್ಷಣ ಬೆಂಗಳೂರಿನ ಸರ್ವರ್ ತನ್ನ ಟೋಪಾಲಜಿ ಕಳಿಸುತ್ತದೆ, ಅಂದರೆ ಸದಸ್ಯ ಸರ್ವರ್‌ಗಳ ವಿಳಾಸದ ಪಟ್ಟಿ. ಮುಂದಿನ ಕನೆಕ್ಷನ್‌ಗಳು ಆ ಪಟ್ಟಿ ನೋಡಿ ಹೊರಡುತ್ತವೆ. ಪಟ್ಟಿಯಲ್ಲಿ ಲೋಕಲ್‌ಹೋಸ್ಟ್ ಇದ್ದರೆ ಕೋಲಾರದ ಯಂತ್ರ ತನ್ನ ಬಾಗಿಲನ್ನೇ ತಟ್ಟುತ್ತದೆ. ಕೋಲಾರದ ಸರ್ವರ್ ರೀಸ್ಟಾರ್ಟ್ ಮಾಡಿದರೆ ಪಟ್ಟಿ ಮರೆತುಹೋಗುತ್ತದೆ, ಮೊದಲ ಕನೆಕ್ಷನ್ ಮತ್ತೆ ಆಗುತ್ತದೆ. ಸರಿಹೋಯಿತು ಅಂತ ನಿಮಗೆ ಅನ್ನಿಸುವುದು ಅದಕ್ಕೇ!

ಫೈರ್‌ವಾಲ್ ನೋಡಿಕೊಳ್ಳುವವರನ್ನು ಬೈಯುವ ಮೊದಲು ಲಾಗ್ ತೆಗೆದು, ಕನೆಕ್ಷನ್ ಯಾವ ವಿಳಾಸಕ್ಕೆ ಹೋಗಿ ಸೋತಿದೆ ನೋಡಿ. 127.0.0.1, ಅಂದರೆ ಲೋಕಲ್‌ಹೋಸ್ಟಿನ ನಂಬರ್, ಕಂಡರೆ ಬೆಂಗಳೂರಿನ ಕನೆಕ್ಟರಿನಲ್ಲಿ ನಿಜವಾದ ಹೋಸ್ಟ್ ಹೆಸರು ಬರೆಸಿ. ಆ ಸರ್ವರ್ ನಿಮ್ಮ ಕೈಯಲ್ಲಿ ಇಲ್ಲದಿದ್ದರೆ, ಇಲ್ಲಿನ ಫ್ಯಾಕ್ಟರಿಯಲ್ಲಿ ಲೋಡ್ ಬ್ಯಾಲೆನ್ಸಿಂಗ್‌ಗೆ ಟೋಪಾಲಜಿ ಬಳಸುವುದನ್ನು ಆಫ್ ಮಾಡಿ. ಎರರೇ ಇಲ್ಲದಿದ್ದರೂ ಒಂದು ಪರೀಕ್ಷೆ ಮಾಡಿ. ಟೆಸ್ಟ್ ಹೊತ್ತಿನಲ್ಲಿ ಬೆಂಗಳೂರಿನ ಸರ್ವರ್ ನಿಲ್ಲಿಸಿ ಒಂದು ಮೆಸೇಜ್ ಕಳಿಸಿ. ಆಗಲೂ "ಹೋಯಿತು" ಅಂತ ಬಂದರೆ ಅದು ಕೋಲಾರ ಬಿಟ್ಟು ಹೊರಟೇ ಇಲ್ಲ.