ಯುದ್ಧ ಕಂಡ ಮಕ್ಕಳಿಗೆ ಕಥೆ: ಬಿ.ಎಡ್. ಗೆಳೆಯರಿಗೊಂದು ಟಿಪ್ಪಣಿ

ಶಿವಮೊಗ್ಗದಲ್ಲಿ ನನ್ನ ಜೊತೆ ಮಕ್ಕಳ ಮನಶ್ಶಾಸ್ತ್ರ ಓದುತ್ತಿರುವವರೇ, ಈ ಪಾಠದಲ್ಲಿ ಒಂದು ಹೆಸರನ್ನು ಮಾತ್ರ ಬಿಡಬೇಡಿ: ಯೆಲ್ಲಾ ಲೆಪ್‌ಮನ್. ಜರ್ಮನಿಯ ಯಹೂದಿ ಪತ್ರಕರ್ತೆ. ಹಿಟ್ಲರನ ಕಾಲದಲ್ಲಿ ಇಂಗ್ಲೆಂಡಿಗೆ ಹೋದವರು, 1945ರಲ್ಲಿ ಅಮೆರಿಕದ ಸೇನೆಯ ಸಲಹೆಗಾರ್ತಿಯಾಗಿ ವಾಪಸ್ ಬಂದರು. ಊರುಗಳು ನೆಲಸಮವಾಗಿದ್ದವು. ಊಟ, ಬಟ್ಟೆಯಂತೆ ಪುಸ್ತಕವೂ ಮಕ್ಕಳಿಗೆ ಬೇಕೇ ಬೇಕು ಅಂತ ಅವರು ಹಟ ಹಿಡಿದರು. ಬೇರೆ ದೇಶಗಳಿಗೆ ಪತ್ರ ಬರೆದು ಪುಸ್ತಕ ತರಿಸಿ, 1946ರಲ್ಲಿ ಮ್ಯೂನಿಕ್‌ನಲ್ಲಿ ಪ್ರದರ್ಶನಕ್ಕಿಟ್ಟರು. 1949ರಲ್ಲಿ ಅದೇ ಊರಲ್ಲಿ ಮಕ್ಕಳ ಗ್ರಂಥಾಲಯ ತೆರೆದರು. ಕಾದಾಡಲು ಒಲ್ಲದೆ ಹೂವಿನ ವಾಸನೆ ಹೀರುತ್ತ ಕೂರುವ ಫರ್ಡಿನಾಂಡ್ ಎಂಬ ಹೋರಿಯ ಕಥೆಯನ್ನು ತಾವೇ ಜರ್ಮನ್‌ಗೆ ತಂದು, ನ್ಯೂಸ್‌ಪ್ರಿಂಟ್‌ನಲ್ಲಿ 30,000 ಪ್ರತಿ ಅಚ್ಚು ಹಾಕಿಸಿ ಹಂಚಿದರು.

ಸರಿ, ಕಥೆಯಿಂದ ಏನಾಗುತ್ತದೆ? ಮಗು ತನ್ನ ಭಯವನ್ನು ಕಥೆಯ ಪಾತ್ರದ ಮೇಲೆ, ಒಂದು ಕರುವಿನ ಮೇಲೆ ಅನ್ನಿ, ಹಾಕಿ ಮಾತಾಡಬಹುದು. ಹಾಗಾಗಿ ನಾವು ಕೇಳುವ ಪ್ರಶ್ನೆ ಮುಖ್ಯ. ‘ನಿನಗೂ ಹೀಗೇ ಆಯ್ತಾ?’ ಅಂದರೆ ಮಗು ಬಾಯಿ ಮುಚ್ಚಿಕೊಳ್ಳುತ್ತದೆ. ‘ಈ ಕರು ಈಗ ಯಾಕೆ ಮೂಲೆಗೆ ಹೋಗಿ ನಿಂತಿದೆ?’ ಅಂತ ಕೇಳಿ, ಸುಮ್ನೆ ಕಾಯಿರಿ. ಉತ್ತರ ಬಂದರೆ ಅದು ಕರುವಿನದ್ದಾಗಿಯೇ ಇರಲಿ. ‘ಅಂದ್ರೆ ನೀನೇ ಅಲ್ವಾ?’ ಅಂತ ಬಿಡಿಸಿ ಹೇಳಬೇಡಿ. ಅದೇ ಕಥೆ ಮತ್ತೆ ಬೇಕು ಅಂದರೂ ಬೇಸರಿಸಬೇಡಿ. ಮುಂದೇನು ಅಂತ ಮೊದಲೇ ಗೊತ್ತಿರುವುದೇ ಆ ಮಗುವಿಗೆ ಧೈರ್ಯ.

ಯಾವ ಕಥೆ ಎಂಬುದರಲ್ಲೂ ಎಚ್ಚರ ಬೇಕು. ಗೋವಿನ ಹಾಡು ನಮಗೆಲ್ಲ ಬಾಯಿಪಾಠ. ಆದರೆ ತಾಯಿಯನ್ನು ಕಳೆದುಕೊಂಡ ಮಗುವಿಗೆ ಅದನ್ನು ಮೊದಲ ದಿನವೇ ಹಾಡಬಾರದು ಅಂತ ನನ್ನ ಅಭಿಪ್ರಾಯ. ಪುಣ್ಯಕೋಟಿ ಕೊನೆಗೆ ಕರುವಿನ ಹತ್ತಿರ ವಾಪಸ್ ಬರುತ್ತಾಳೆ. ಈ ಮಗುವಿನ ಅಮ್ಮ ಬರುವುದಿಲ್ಲ.

ಭಾಷೆ ಬಾರದ ಮಕ್ಕಳಾದರೆ? ಇಟಲಿಯ ಲ್ಯಾಂಪೆಡೂಸಾ ದ್ವೀಪಕ್ಕೆ ದೋಣಿಯಲ್ಲಿ ಬರುವ ನಿರಾಶ್ರಿತ ಮಕ್ಕಳಿಗಾಗಿ 2012ರಲ್ಲಿ ಮಾತಿಲ್ಲದ ಚಿತ್ರಪುಸ್ತಕಗಳ ಸಂಗ್ರಹ ಶುರುವಾಯಿತು. ಮಾಡಿದ್ದು ಲೆಪ್‌ಮನ್ ಅವರೇ ಹುಟ್ಟುಹಾಕಿದ ಮಕ್ಕಳ ಪುಸ್ತಕಗಳ ಅಂತರರಾಷ್ಟ್ರೀಯ ಸಂಸ್ಥೆ, ಐಬಿಬಿವೈ. ಅಕ್ಷರವೇ ಇಲ್ಲದ ಪುಟವನ್ನು ಯಾವ ದೇಶದ ಮಗುವೂ ತನ್ನ ಮಾತಲ್ಲೇ ಓದಬಹುದು.

ಮಲೆನಾಡಲ್ಲಿ ಯುದ್ಧ ಎಲ್ಲಿದೆ ಅಂತ ಪಾಠ ಹಾರಿಸಬೇಡಿ. 2019ರ ಆಗಸ್ಟ್‌ನಲ್ಲಿ ತುಂಗೆ ಉಕ್ಕಿ ಶಿವಮೊಗ್ಗದ ಬಡಾವಣೆಗಳಿಗೇ ನೀರು ನುಗ್ಗಿತ್ತು. ಅಂಥ ಹೊತ್ತಲ್ಲಿ ಮನೆ ಬಿಟ್ಟ ಮಕ್ಕಳಿಗೂ ಈ ರೀತಿ ಕಥೆ ಹೇಳಬಹುದು. ಆದರೆ ನೆರೆ, ಯುದ್ಧ ಎರಡೂ ಒಂದೇ ಅಂತ ಉತ್ತರದಲ್ಲಿ ಬರೆಯಬೇಡಿ. ನೆರೆ ತಂದದ್ದು ಮಳೆ. ಬಾಂಬ್ ಹಾಕಿದ್ದು ಮನುಷ್ಯರು, ಹಾಗಾಗಿ ಆ ಮಗುವಿಗೆ ದೊಡ್ಡವರ ಮೇಲಿನ ನಂಬಿಕೆಯೇ ಹೋಗಿರಬಹುದು. ಅಲ್ಲಿ ಕಥೆಗಿಂತ ಜಾಸ್ತಿ ಕೆಲಸ ಮಾಡುವುದು, ಹೇಳಿದ ಹೊತ್ತಿಗೆ ತಪ್ಪದೆ ಬಂದು ಕೂರುವ ಅದೇ ಟೀಚರ್.

ಕಥೆ ಚಿಕಿತ್ಸೆಯಲ್ಲ, ಇದನ್ನು ಅಡಿಗೆರೆ ಹಾಕಿ ಬರೆದುಕೊಳ್ಳಿ. ಕೆಟ್ಟ ಕನಸು, ಹಾಸಿಗೆ ಒದ್ದೆ, ಬೆಚ್ಚಿಬೀಳುವುದು ತಿಂಗಳಾದರೂ ನಿಲ್ಲದಿದ್ದರೆ ಮನೋವೈದ್ಯರಿಗೆ ತೋರಿಸಬೇಕು. ಯಾರಲ್ಲಿಗೆ ಹೋಗುವುದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.