ಕೊಂಡ ರೇಟಿಗೆ ಬಂದರೆ ಮಾರುತ್ತೇನೆ

ರಾಯಚೂರಿನಲ್ಲಿ ತೆರಿಗೆ, ಹೂಡಿಕೆಯ ಲೆಕ್ಕ ನೋಡುವ ನನ್ನ ಕಚೇರಿಯಲ್ಲಿ ಅತಿ ಹೆಚ್ಚು ಕೇಳಿಬರುವ ಮಾತು ಇದೇ: "ಕೊಂಡ ರೇಟಿಗೆ ಬರ್ಲಿ ಸರ್, ಅವತ್ತೇ ಮಾರಿಬಿಡ್ತೀನಿ."

ಈಚೆಗೆ ನಿವೃತ್ತ ಮಾಸ್ತರೊಬ್ಬರು ಬಂದು ಮೊಬೈಲ್ ತೆರೆದು ನನ್ನ ಮುಂದಿಟ್ಟರು. 240 ರೂಪಾಯಿಗೆ ಕೊಂಡ ಷೇರು 96ಕ್ಕೆ ನಿಂತಿತ್ತು. ಸಾಲದಲ್ಲಿ ಮುಳುಗಿ ಮೂರು ವರ್ಷದಿಂದ ಲಾಭ ಕಾಣದ ಕಂಪನಿ ಅದು. ಅದರ ಜೊತೆಗೇ ಕೊಂಡಿದ್ದ ಒಳ್ಳೆಯ ಬ್ಯಾಂಕಿನ ಷೇರನ್ನು ಮಾತ್ರ ಸ್ವಲ್ಪ ಲಾಭ ಕಂಡ ಕೂಡಲೇ ಮಾರಿದ್ದರು. ಗೆದ್ದದ್ದನ್ನು ಬೇಗ ಮಾರುವುದು, ಸೋತದ್ದನ್ನು ಹಿಡಿದು ಕೂರುವುದು: ಈ ಸ್ವಭಾವವನ್ನು ಶೆಫ್ರಿನ್ ಮತ್ತು ಸ್ಟ್ಯಾಟ್‌ಮನ್ ಎಂಬ ಸಂಶೋಧಕರು 1985ರಲ್ಲೇ ಗುರುತಿಸಿದ್ದಾರೆ. ನಷ್ಟದ ನೋವು ಅಷ್ಟೇ ಮೊತ್ತದ ಲಾಭದ ಖುಷಿಗಿಂತ ಹೆಚ್ಚು ಕಾಡುತ್ತದೆ ಎಂದು ಮನಶ್ಶಾಸ್ತ್ರಜ್ಞರಾದ ಕಾನೆಮನ್ ಮತ್ತು ಟ್ವರ್ಸ್ಕಿ 1979ರಲ್ಲಿ ತೋರಿಸಿದ್ದರು.

ನಮ್ಮೂರಿಗೆ ಇದು ಹೊಸದಲ್ಲ. 2022ರಲ್ಲಿ ಹತ್ತಿ ಕ್ವಿಂಟಲ್‌ಗೆ ಹತ್ತು ಸಾವಿರ ದಾಟಿತು. ಮುಂದಿನ ಹಂಗಾಮಿನಲ್ಲಿ ದರ ಇಳಿದಾಗ ಎಷ್ಟೋ ರೈತರು ಪಡಸಾಲೆಯಲ್ಲಿ ಹತ್ತಿ ಒಟ್ಟಿ ಕಾದರು. ಒಣಗಿ ತೂಕ ಇಳಿಯಿತು, ಮಕ್ಕಳ ಮೈಯೆಲ್ಲ ತುರಿಕೆ, ಸಾಲದ ಬಡ್ಡಿಯೂ ನಿಲ್ಲಲಿಲ್ಲ. ನಮ್ಮೂರಿನ ಮಾರುಕಟ್ಟೆ ರಾಜೇಂದ್ರ ಗಂಜಿನ ಖರೀದಿದಾರ ನೋಡುವುದು ಹತ್ತಿಯ ತೇವ ಮತ್ತು ಎಳೆಯನ್ನು. ಹೋದ ವರ್ಷದ ದರ ನಮ್ಮ ತಲೆಯಲ್ಲಷ್ಟೇ ಇರುತ್ತದೆ. ಬೆವರು ಸುರಿಸಿ ಬೆಳೆದವರು ಕಾಯುವುದನ್ನು ನಾನು ತಪ್ಪೆನ್ನಲಾರೆ. ಆದರೆ ಷೇರಿಗೂ ಅದೇ ಲೆಕ್ಕ ಹಿಡಿದರೆ, ನೀವು 240 ಕೊಟ್ಟದ್ದು ಆ ಕಂಪನಿಗೆ ಗೊತ್ತೇ ಇಲ್ಲ. 96 ಮತ್ತೆ 240 ಆಗಬೇಕೆಂದರೆ ಶೇ 150ರಷ್ಟು ಏರಬೇಕು.

ಮಾಸ್ತರಿಗೆ ಒಂದೇ ಪ್ರಶ್ನೆ ಕೇಳಿದೆ. "ಈ ದುಡ್ಡು ಇವತ್ತು ನಗದಾಗಿ ನಿಮ್ಮ ಕೈಯಾಗ ಇದ್ದಿದ್ರ, ಇದೇ ಷೇರು ತಗೋತಿದ್ರೇನ್ರಿ?"

ಬಹಳ ಹೊತ್ತು ಸುಮ್ಮನಿದ್ದು, "ಇಲ್ರಿ, ಇದನ್ನ ಯಾರ್ ತಗೋತಾರ?" ಅಂದರು. ಮರುಕ್ಷಣವೇ ದನಿ ತಗ್ಗಿಸಿ, "ಆದ್ರ ಮಾರಿದ್ರ ಮನ್ಯಾಗ ಏನಂತ ಹೇಳ್ಲಿ?"

ನಿಜವಾದ ಗಂಟು ಇಲ್ಲಿದೆ. ಇಪ್ಪತ್ತು ವರ್ಷದ ಅನುಭವದಲ್ಲಿ ನಾನು ಕಂಡಂತೆ, ಜನರನ್ನು ಕಟ್ಟಿಹಾಕುವುದು ಆಸೆಗಿಂತ ಹೆಚ್ಚಾಗಿ ಮರ್ಯಾದೆಯ ಭಯ. ಮಾರದೆ ಇದ್ದರೆ ತಪ್ಪು ಒಪ್ಪಿಕೊಂಡಂತಾಗುವುದಿಲ್ಲ. ಕೆಲವರು ಯಾರಿಗೂ ತಿಳಿಯುವ ಮೊದಲೇ ನಷ್ಟ ತುಂಬಿಕೊಳ್ಳಲು, ಷೇರಿನ ಮುಂದಿನ ದರದ ಮೇಲೆ ಪಣ ಕಟ್ಟುವಂಥ ಆಪ್ಶನ್ ವ್ಯವಹಾರಕ್ಕೆ ಇಳಿಯುತ್ತಾರೆ. ದಯವಿಟ್ಟು ಅದೊಂದು ಮಾಡಬೇಡಿ. 2021-22ರಿಂದ 2023-24ರವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಇಂಥ ಫ್ಯೂಚರ್ಸ್, ಆಪ್ಶನ್ಸ್ ಆಡಿದ ಬಿಡಿ ಹೂಡಿಕೆದಾರರಲ್ಲಿ ಶೇ 93ರಷ್ಟು ಜನ ಹಣ ಕಳೆದುಕೊಂಡಿದ್ದಾರೆಂದು ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯೇ ಲೆಕ್ಕ ಕೊಟ್ಟಿದೆ.

ಬಿದ್ದದ್ದನ್ನೆಲ್ಲ ಮಾರಿ ಎಂದು ಇದರರ್ಥವಲ್ಲ. 2020ರ ಜನವರಿಯಲ್ಲಿ 42 ಸಾವಿರದ ಮೇಲಿದ್ದ ಮುಂಬೈ ಷೇರುಪೇಟೆಯ ಸೂಚ್ಯಂಕ ಸೆನ್ಸೆಕ್ಸ್ ಮಾರ್ಚ್ 23ಕ್ಕೆ 26 ಸಾವಿರದ ಕೆಳಗಿಳಿದಿತ್ತು. ಮರುವರ್ಷ ಜನವರಿಯಲ್ಲಿ 50 ಸಾವಿರ ಮುಟ್ಟಿತು. ಆಗ ಹೆದರಿ, ಇಂಥ ಸೂಚ್ಯಂಕದ ಕಂಪನಿಗಳಲ್ಲೇ ಹಣ ಹಾಕುವ ಇಂಡೆಕ್ಸ್ ಫಂಡ್ ಮಾರಿದವರಿಗೂ ಇದೇ ಪ್ರಶ್ನೆ ಕೇಳಬೇಕಿತ್ತು. ಕೇಳಿದ್ದರೆ ಹಲವರ ಉತ್ತರ "ತಗೋತಿದ್ದೆ" ಎಂದೇ ಇರುತ್ತಿತ್ತು.

ಮಾಸ್ತರಿಗೆ ತೆರಿಗೆಯ ಅನುಕೂಲವನ್ನೂ ಹೇಳಿದೆ. ಷೇರಿನ ನಷ್ಟವನ್ನು ಗಡುವಿನೊಳಗೆ ರಿಟರ್ನ್‌ನಲ್ಲಿ ತೋರಿಸಿದರೆ, ಮುಂದಿನ ಎಂಟು ವರ್ಷದ ಬಂಡವಾಳ ಲಾಭದಲ್ಲಿ (ಷೇರು, ಆಸ್ತಿಯಂಥವನ್ನು ಮಾರಿ ಬಂದ ಲಾಭ) ನಿಯಮದ ಪ್ರಕಾರ ಕಳೆಯಬಹುದು. ಅದು ಅವರಿಗೆ ಹಿಡಿಸಿತು. ಮನೆಯಲ್ಲಿ ಹೇಳಲು ಒಂದು ಮಾತು ಸಿಕ್ಕಂತಾಯಿತು. ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದರು. ಆಕೆ ಮೊಬೈಲ್ ನೋಡಿ, "ಇಷ್ಟ್ ದಿನಾ ಇದಕ್ಕೇನ್ರಿ ನಿದ್ದಿ ಕೆಡಿಸ್ಕೊಂಡಿದ್ದು?" ಅಂದರು. ಅವತ್ತು ಅರ್ಧ ಷೇರು ಮಾರಿದರು. ಉಳಿದರ್ಧದ ಮಾತು ದೀಪಾವಳಿ ಆದ ಮೇಲೆ ಎಂದಿದ್ದಾರೆ. ಆಗಲೂ ಅದೇ ಪ್ರಶ್ನೆ ಕೇಳುತ್ತೇನೆ.